ನೀರು ಎಲ್ಲಿಗೆ ಹೋಯಿತು? ದುಬಾರಿ ಎಸ್‌ಯುವಿ ಕಾದರೆ ದೋಷ ಹುಡುಕುವ ಬಗೆ

ಏಪ್ರಿಲ್ ಹುಟ್ಟಿತೆಂದರೆ ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಗ್ಯಾರೇಜಿಗೆ ಟೋಚನ್ ಹಾಕಿಸಿಕೊಂಡು (ಬೇರೆ ಗಾಡಿಯಿಂದ ಎಳೆಸಿಕೊಂಡು) ದೊಡ್ಡ ಗಾಡಿಗಳು ಬರಲು ಶುರು. ಹೋದ ಬ್ಯಾಸಗಿಯಲ್ಲಿ ಗದಗಿನ ಅರಳಿ (ಹತ್ತಿ) ವ್ಯಾಪಾರಿಯೊಬ್ಬರು ಹಾಗೇ ಬಂದರು. ಟೋಚನ್ ಗಾಡಿಯಿಂದ ಇಳಿದವರು ನಮಸ್ಕಾರಕ್ಕೂ ಮೊದಲು ಹೇಳಿದ್ದು: "ಎಪ್ಪತ್ತು ಲಕ್ಷ ಕೊಟ್ಟೇವ್ರಿ ಇದಕ್ಕ. ನಮ್ಮಪ್ಪನ ಅಂಬಾಸಿಡರ್ ಸುದ್ದಾ ಇಷ್ಟು ಕಾಯ್ತಿದ್ದಿಲ್ಲ."

ಮಾತು ಸುಳ್ಳಲ್ಲ. ಅಂಬಾಸಿಡರಿನ ಎಂಜಿನ್ ಎರಕದ ಕಬ್ಬಿಣದ್ದು, ಶಕ್ತಿ ಕಡಿಮೆ, ಬಾನೆಟ್ ಎತ್ತಿದರೆ ಒಳಗೆ ಕೂತು ಚಹಾ ಕುಡಿಯುವಷ್ಟು ಜಾಗ. ಈಗಿನ ಮೂರು ಲೀಟರಿನ ವಿ6 ಡೀಸೆಲ್ 250 ಅಶ್ವಶಕ್ತಿಯ ಆಚೀಚೆ ಕೊಡುತ್ತದೆ. ಅದರ ಹೆಡ್ಡು (ಸಿಲಿಂಡರುಗಳ ಮೇಲೆ ಕೂರುವ ಭಾಗ) ಅಲ್ಯೂಮಿನಿಯಂ, ನೀರಿನ ಕೊಳವೆಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ಕು, ಮೇಲೂ ಕೆಳಗೂ ಶಬ್ದ ತಡೆಯುವ ಕವರು. ಮೂತಿಯಲ್ಲಿ ಎಸಿ ಕಂಡೆನ್ಸರ್, ಇಂಟರ್‌ಕೂಲರ್, ಗೇರ್ ಆಯಿಲ್ ಕೂಲರ್, ರೇಡಿಯೇಟರ್ ಒಂದರ ಬೆನ್ನಿಗೊಂದು ರೊಟ್ಟಿ ಪೇರಿಸಿದಂತೆ ಇರುತ್ತವೆ. ಹತ್ತು ಲೀಟರಿಗೂ ಹೆಚ್ಚು ಕೂಲಂಟ್ (ಎಂಜಿನ್ ತಣಿಸುವ ದ್ರವ, ನಮ್ಮ ಬಾಯಲ್ಲಿ ಬರೀ "ನೀರು") ಹಿಡಿಯುವ ಇಂಥ ಎಂಜಿನ್ನಿನಲ್ಲಿ ಎರಡು ಲೀಟರ್ ಹೋದರೂ ಡ್ಯಾಶ್‌ಬೋರ್ಡಿನ ಮುಳ್ಳು ಅಲುಗದೆ ಇರಬಹುದು. ಅಲುಗಿದ ಮೇಲೆ ಬ್ರೇಕ್ ಹಾಕಿ ಬದಿಗೆ ನಿಲ್ಲಿಸುವಷ್ಟರಲ್ಲಿ ಹೆಡ್ಡು ಸೊಟ್ಟಗಾದ ಗಾಡಿಗಳನ್ನು ಕಂಡಿದ್ದೇನೆ.

ಅದಕ್ಕೇ ನಮ್ಮ ಹುಡುಗರಿಗೆ ನಾನು ಕಲಿಸುವ ಕ್ರಮ ಸ್ವಲ್ಪ ತಿರುವುಮುರುವು. "ಯಾಕ ಕಾಯಾಕತ್ತೈತಿ" ಅನ್ನುವುದು ಎರಡನೆಯ ಪ್ರಶ್ನೆ. ಮೊದಲನೆಯದು "ನೀರು ಕಡಿಮಿ ಆಗೈತೋ ಇಲ್ಲೋ, ಆಗಿದ್ರ ಎಲ್ಲಿ ಹೋತು?" ಇದಕ್ಕೆ ಉತ್ತರ ಸಿಗದೆ ಪಾರ್ಟು ಬದಲಿಸಲು ಹೊರಟರೆ ಗಿರಾಕಿಯ ರೊಕ್ಕದಲ್ಲಿ ಜೂಜಾಡಿದಂತೆ. ಗದಗಿನ ಗಾಡಿಗೆ ನಮ್ಮಲ್ಲಿಗೆ ಬರುವ ಮೊದಲೇ ಬೇರೆ ಕಡೆ ರೇಡಿಯೇಟರ್, ಥರ್ಮೋಸ್ಟಾಟ್ (ಬಿಸಿ ನೋಡಿ ನೀರಿನ ದಾರಿ ತೆರೆಯುವ ಕವಾಟ), ಕೂಲಂಟ್ ಡಬ್ಬಿಯ ಮುಚ್ಚಳ ಮೂರೂ ಹೊಸದು ಬಿದ್ದಿದ್ದವು. ಮೂರೂ ಚೆನ್ನಾಗಿದ್ದವು. ಗಾಡಿ ಮಾತ್ರ ಕಾಯುವುದು ಬಿಟ್ಟಿರಲಿಲ್ಲ.

ಪಾನಾ ಹಿಡಿಯುವ ಮೊದಲು ಡ್ರೈವರನ್ನು ಕೇಳಿ

ಮಾಲೀಕರು ಹಿಂದಿನ ಸೀಟಿನಲ್ಲಿ ಫೋನು ಹಿಡಿದಿರುತ್ತಾರೆ. ಗಾಡಿಯ ನಾಡಿ ಗೊತ್ತಿರುವುದು ಡ್ರೈವರಿಗೆ. ಆದರೆ ಮಾಲೀಕರ ಎದುರು ಅವನು ಬಾಯಿ ಬಿಡುವುದಿಲ್ಲ. ಸಾಹೇಬರಿಗೆ ಒಳಗೆ ಕುರ್ಚಿ ಹಾಕಿಸಿ, ಅವನನ್ನು ಚಹಾಕ್ಕೆ ಕರೆದೊಯ್ದೆ.

"ತಮ್ಮಾ, ನೀರು ಹಾಕಿದ್ದೇನು?"

"ಏನಿಲ್ರಿ ಕಾಕಾ, ಸ್ವಲ್ಪ ಕಡಿಮಿ ಆಗಿತ್ತು, ಹಾಕೇನಿ."

"ಎಷ್ಟ ಸಲ?"

ಲೋಟ ಕೆಳಗಿಟ್ಟು ಅತ್ತಿತ್ತ ನೋಡಿದ. "ವಾರಕ್ಕೊಮ್ಮೆ ಹಾಕತಿದ್ನಿ. ಈಗೀಗ ದಿನಾ ಮುಂಜಾನೆ. ಸಾಹೇಬ್ರಿಗೆ ಹೇಳಬ್ಯಾಡ್ರಿ."

ಕೂಲಂಟ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಸರಿಯಿದ್ದರೆ ವರ್ಷವಿಡೀ ಒಂದು ಹನಿ ಹಾಕುವ ಪ್ರಮೇಯ ಬರಬಾರದು. ಒಮ್ಮೆ ಹಾಕಿದ್ದು ಹೋಗಲಿ, ಎರಡನೆಯ ಸಲ ಹಾಕಬೇಕಾಯಿತೆಂದರೆ ಸೋರಿಕೆ ಇದೆ ಎಂದೇ ಅರ್ಥ. ಈ ಡ್ರೈವರ್ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಮೂರು ತಿಂಗಳು ರೋಗ ಮುಚ್ಚಿಟ್ಟಿದ್ದ. ಅದೂ ಮನೆಯ ಬೋರ್‌ವೆಲ್ ನೀರು ಹಾಕಿ. ಆ ವಿಷಯ ಮುಂದೆ ಬರುತ್ತದೆ.

ಇನ್ನೊಂದು ಕೇಳಬೇಕಾದದ್ದು, ಎಲ್ಲಿ ಕಾಯುತ್ತದೆ ಎಂಬುದು. ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ನಿಂತಾಗ ಕಾದು, ಬೈಪಾಸಿಗೆ ಹತ್ತಿದ ಕೂಡಲೇ ಇಳಿದರೆ ಗಾಳಿಯ ತೊಂದರೆ: ಫ್ಯಾನು, ಕಟ್ಟಿಕೊಂಡ ಮೂತಿ, ತೆರೆಯದ ಗ್ರಿಲ್ ಶಟರು. ಊರೊಳಗೆ ತಣ್ಣಗಿದ್ದು ಅಂಕೋಲಾದಿಂದ ಅರಬೈಲು ಘಾಟ್ ಹತ್ತುವಾಗ ಕಾದರೆ ನೀರಿನ ಹರಿವಿನ ತೊಂದರೆ: ಒಳಗೆ ಕಟ್ಟಿಕೊಂಡ ರೇಡಿಯೇಟರು, ಸೋತ ಪಂಪು, ಅರ್ಧ ತೆರೆದ ಥರ್ಮೋಸ್ಟಾಟು, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗಿನ ಎಂಜಿನ್ ಬ್ಲಾಕಿಗೂ ನಡುವಿನ ಸೀಲು). ಎಲ್ಲ ಕಡೆ ಕಾದರೆ ಮೊದಲು ನೀರಿನ ಮಟ್ಟ ನೋಡಿ. ಚೆನ್ನಾಗಿ ಓಡುತ್ತಿದ್ದದ್ದು ಐದು ನಿಮಿಷದಲ್ಲಿ ಕೆಂಪು ಮುಟ್ಟಿತೆಂದರೆ ಹೋಸ್ ಹರಿದಿರಬೇಕು, ಬೆಲ್ಟ್ ಹೋಗಿರಬೇಕು, ಅಥವಾ ವಿದ್ಯುತ್ ಪಂಪು ಸತ್ತಿರಬೇಕು. ಇದಿಷ್ಟು ಕೇಳಿಕೊಂಡರೆ ಅರ್ಧ ದಾರಿ ಸಾಗಿದಂತೆ. ಖರ್ಚು ಎರಡು ಲೋಟ ಚಹಾ.

ಮುಳ್ಳನ್ನು ನಂಬಬೇಡಿ

ಹೊಸ ಗಾಡಿಗಳ ತಾಪಮಾನದ ಮುಳ್ಳನ್ನು ಕಂಪನಿಯವರು ಬೇಕೆಂದೇ ಮಂಪರಿನಲ್ಲಿ ಇಟ್ಟಿರುತ್ತಾರೆ. ಕೂಲಂಟ್ 80 ಡಿಗ್ರಿ ಇದ್ದರೂ ಅದು ನಡುವೆ, 105 ಇದ್ದರೂ ನಡುವೆ. ಮುಳ್ಳು ಸ್ವಲ್ಪ ಅಲುಗಿದರೂ ಗಿರಾಕಿ ಓಡಿ ಬರುತ್ತಾನೆ ಎಂಬ ಲೆಕ್ಕ. ನಿಜವಾದ ಅಂಕಿ ಬೇಕೆಂದರೆ ಸ್ಟೇರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಸ್ಕ್ಯಾನರ್ ಚುಚ್ಚಬೇಕು. ಫೋನಿಗೆ ಬ್ಲೂಟೂತಿನಲ್ಲಿ ಕೂಡುವ ಸಣ್ಣ ಅಡಾಪ್ಟರ್ ಇದ್ದರೂ ಈ ಕೆಲಸಕ್ಕೆ ಸಾಕು; ದೂರದ ಓಡಾಟದವರು ಒಂದು ಇಟ್ಟುಕೊಳ್ಳುವುದು ಒಳ್ಳೆಯದು.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮುಂಜಾನೆ ಕೂಲಂಟ್ ಅಂಕಿ ಹೊರಗಿನ ಗಾಳಿಯ ಅಂಕಿಗೆ ಹತ್ತಿರ ಇರಬೇಕು. ಹೊರಗೆ 24 ಇದ್ದು ಕೂಲಂಟ್ 50 ತೋರಿಸಿದರೆ ಸೆನ್ಸರಿನದ್ದೇ ತಪ್ಪು. ಎಂಜಿನ್ ಓಡಿದ ಮೇಲೆ 90ರಿಂದ 105ರ ನಡುವೆ ಏರಿಳಿಯುವುದು ಈ ಗಾಡಿಗಳಲ್ಲಿ ಸಹಜ. ಇಂಧನ ಉಳಿಸಲೆಂದು ಥರ್ಮೋಸ್ಟಾಟನ್ನು ಕಂಪ್ಯೂಟರೇ ಆಡಿಸುತ್ತದೆ. 110 ದಾಟಿ ಇಳಿಯದಿದ್ದರೆ ನಿಲ್ಲಿಸಿ. ಸ್ಕ್ಯಾನರಿನಲ್ಲಿ ಪಿ0217 ಎಂಬ ದೋಷದ ಕೋಡ್ ಬಂದಿದ್ದರೆ ಒಮ್ಮೆಯಾದರೂ ವಿಪರೀತ ಕಾದಿದೆ ಎಂದರ್ಥ. ಪಿ0128 ಅದರ ಉಲ್ಟಾ, ಎಂಜಿನ್ ಬೇಕಾದಷ್ಟು ಕಾಯುತ್ತಿಲ್ಲ, ಥರ್ಮೋಸ್ಟಾಟ್ ತೆರೆದೇ ಕೂತಿರಬಹುದು. ಪಿ0480 ಫ್ಯಾನಿನ ಸರ್ಕ್ಯೂಟಿನದ್ದು. ಕೋಡ್ ಅಳಿಸುವ ಮುನ್ನ ಫೋಟೋ ತೆಗೆದಿಟ್ಟುಕೊಳ್ಳಿ. ಅಳಿಸಿ ಕೊಟ್ಟು "ಕ್ಲಿಯರ್ ಮಾಡೇವ್ರಿ" ಎನ್ನುವುದು ರಿಪೇರಿ ಅಲ್ಲ.

ಒಂದು ಅಪಾಯದ ಸಂಗತಿ. ಅರಬೈಲಿನಲ್ಲಿ ನಿಂತುಹೋದ ಗಾಡಿಯೊಂದರ ಮಾಲೀಕರು ಆಣೆ ಮಾಡಿ ಹೇಳಿದರು, ಮುಳ್ಳು ಕೆಂಪಿಗೆ ಹೋಗಲೇ ಇಲ್ಲ, ಬದಲಿಗೆ ಕೆಳಗಿಳಿಯಿತು ಎಂದು. ಅವರು ಹೇಳಿದ್ದು ಸತ್ಯ. ನೀರೆಲ್ಲ ಹೋಗಿ ಸೆನ್ಸರಿನ ತುದಿ ಬರೀ ಗಾಳಿಯಲ್ಲಿ ನಿಂತರೆ ಅದಕ್ಕೆ ಎಂಜಿನ್ನಿನ ಬಿಸಿ ಸರಿಯಾಗಿ ತಟ್ಟುವುದಿಲ್ಲ. ಘಾಟಿನಲ್ಲಿ ಮುಳ್ಳು ಏಕಾಏಕಿ ಇಳಿದು, ಹೀಟರಿನಿಂದ ತಣ್ಣನೆ ಗಾಳಿ ಬಂತೆಂದರೆ ಒಳಗೆ ನೀರಿಲ್ಲ ಎಂದೇ ತಿಳಿದು ಕೂಡಲೇ ನಿಲ್ಲಿಸಿ.

ನೀರು ಕಡಿಮೆಯಾಗುತ್ತಿದ್ದರೆ

ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎಂಬುದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ವರ್ಷ ಯಾರದೋ ಮುಂಗೈ ಸುಟ್ಟಿರುತ್ತದೆ. ಕಾರಣ ಹೇಳಿದರೆ ನೆನಪಿರುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಬೋಗುಣಿಯಲ್ಲಿಟ್ಟ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು ಅರ್ಧ ಗ್ಲೈಕಾಲ್ (ಕೂಲಂಟಿನ ಮೂಲ ದ್ರವ) ಬೆರೆಸಿ 1.4 ಬಾರ್ ಒತ್ತಡದ ಮುಚ್ಚಳ ಹಾಕಿದರೆ ಅದೇ ದ್ರವ 130 ಡಿಗ್ರಿಯ ಆಸುಪಾಸಿನ ತನಕ ಕುದಿಯದೆ ತಡೆದುಕೊಳ್ಳುತ್ತದೆ. 115 ಡಿಗ್ರಿಯಲ್ಲಿ ಸುಮ್ಮನೆ ಕೂತಿರುವ ಆ ದ್ರವದ ಮುಚ್ಚಳ ತಿರುವಿದಿರೋ, ಒತ್ತಡ ಇಳಿದು ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಕನಿಷ್ಠ ಒಂದು ಗಂಟೆ ಕಾಯಿರಿ. ಮೇಲಿನ ಹೋಸನ್ನು ಬಟ್ಟೆ ಹಿಡಿದು ಹಿಸುಕಿ ನೋಡಿ. ಗಟ್ಟಿಯಿದ್ದರೆ ಒತ್ತಡ ಇನ್ನೂ ಇದೆ.

ಇದೇ ಲೆಕ್ಕದಿಂದ ಮುಚ್ಚಳದ ಮಹತ್ವವೂ ತಿಳಿಯುತ್ತದೆ. ಅದರ ರಬ್ಬರ್ ಸೋತು ಒತ್ತಡ ನಿಲ್ಲದಿದ್ದರೆ, ಎಂಜಿನ್ನಿನಲ್ಲಿ ಏನೂ ಕೆಡದಿದ್ದರೂ ಕೂಲಂಟ್ ಮೊದಲೇ ಕುದಿದು ಉಕ್ಕುತ್ತದೆ. ಮುಚ್ಚಳದ ಮೇಲೆ ಕೊರೆದ ಅಂಕಿ ಮತ್ತು ಹೊಸದರ ಅಂಕಿ ಒಂದೇ ಇರಲಿ. "ಕೂಡುತ್ತೈತಿ" ಎಂದು ಬೇರೆ ಗಾಡಿಯದ್ದು ಹಾಕಬೇಡಿ.

ಸೋರಿಕೆ ಹುಡುಕಲು ಮೊದಲು ಮೂಗು, ಆಮೇಲೆ ಬ್ಯಾಟ್ರಿ (ಟಾರ್ಚು). ಕೂಲಂಟಿಗೆ ಕಾಸಿದ ಬೆಲ್ಲದಂಥ ಸಿಹಿ ವಾಸನೆ. ಎಸಿ ಕಿಂಡಿಯಿಂದ ಆ ವಾಸನೆ ಬಂದು ಗಾಜಿನ ಒಳಮೈ ಜಿಡ್ಡಾಗಿದ್ದರೆ, ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ ಸೋರುತ್ತಿದೆ. ಇಲ್ಲದಿದ್ದರೆ ಕೆಳಗಿನ ಕವರ್ ಬಿಚ್ಚಿ. ಈ ಗಾಡಿಗಳಲ್ಲಿ ಸೋರಿದ್ದು ನೆಲಕ್ಕೆ ಬೀಳುವುದೇ ಅಪರೂಪ. ಕವರಿನ ಸ್ಪಂಜು ಕುಡಿದುಬಿಡುತ್ತದೆ. "ಪಾರ್ಕಿಂಗಿನ್ಯಾಗ ಒಂದು ಹನಿ ಇಲ್ರಿ" ಎಂದು ಮಾಲೀಕರು ಹೇಳುವುದು ಇದಕ್ಕೇ.

ಇನ್ನು ವಿ ಆಕಾರದ ಎಂಜಿನ್ನುಗಳಲ್ಲಿ ಎರಡು ಸಾಲು ಸಿಲಿಂಡರುಗಳ ನಡುವೆ ಒಂದು ಕಣಿವೆ ಇರುತ್ತದೆ. ಅದರ ಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ ಗುಂಪು) ಕೂತಿರುತ್ತದೆ, ಕೆಳಗೆ ಪ್ಲಾಸ್ಟಿಕ್ ನೀರಿನ ಕೊಳವೆ ಹಾದಿರುತ್ತದೆ. ಆ ಕೊಳವೆಯ ಬೆಸುಗೆಯ ಗೆರೆ ಬಿಟ್ಟರೆ ನೀರು ಕಣಿವೆಯಲ್ಲಿ ನಿಂತು, ಎಂಜಿನ್ ಬಿಸಿಗೆ ಆವಿಯಾಗಿ ಹೋಗುತ್ತದೆ. ಹನಿಯಿಲ್ಲ, ಹೊಗೆಯಿಲ್ಲ, ಗುರುತಿಲ್ಲ.

ಗದಗಿನ ಗಾಡಿಯನ್ನು ಸಂಜೆ ಆರಕ್ಕೆ ಒತ್ತಡ ಪರೀಕ್ಷೆಗೆ ಹಾಕಿದೆವು. ಡಬ್ಬಿಯ ಬಾಯಿಗೆ ಅಡಾಪ್ಟರ್ ಕೂರಿಸಿ, ಕೈಪಂಪಿನಲ್ಲಿ 1.2 ಬಾರ್ ಏರಿಸಿ ಇಪ್ಪತ್ತು ನಿಮಿಷ ಬಿಟ್ಟರೂ ಮುಳ್ಳು ಅಲುಗಲಿಲ್ಲ. ಇಲ್ಲೇ ಬಹಳ ಜನ ಎಡವುವುದು. ಹಿಂದಿನ ಗ್ಯಾರೇಜಿನವರೂ ಇಲ್ಲೇ "ಸೋರಿಕೆ ಇಲ್ಲ" ಎಂದು ಬರೆದು ರೇಡಿಯೇಟರಿಗೆ ಕೈಹಾಕಿರಬೇಕು. ಎಂಜಿನ್ ಇನ್ನೂ ಬೆಚ್ಚಗಿತ್ತು. ಬೆಚ್ಚಗಿದ್ದಾಗ ಪ್ಲಾಸ್ಟಿಕ್ ಹಿಗ್ಗಿ ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ. ಗಾಡಿಯನ್ನು ಅಲ್ಲೇ ಬಿಟ್ಟು, ಮರುದಿನ ಮುಂಜಾನೆ ಏಳಕ್ಕೆ, ಸ್ಟಾರ್ಟ್ ಮಾಡದೆ, ಅದೇ 1.2 ಏರಿಸಿದೆ. ಹತ್ತು ನಿಮಿಷದಲ್ಲಿ 0.9. ಹಲ್ಲಿನ ಡಾಕ್ಟರ್ ಇಟ್ಟುಕೊಳ್ಳುವಂಥ ಉದ್ದ ಹಿಡಿಕೆಯ ಕನ್ನಡಿಯನ್ನು ಮ್ಯಾನಿಫೋಲ್ಡ್ ಹಿಂದೆ ತೂರಿಸಿ ಬ್ಯಾಟ್ರಿ ಬಿಟ್ಟರೆ, ಕಣಿವೆಯಲ್ಲಿ ಗುಲಾಬಿ ಬಣ್ಣದ ಒಣ ಹೊಪ್ಪಳಿಕೆ, ಅದರ ನಡುವೆ ಒಂದು ಮಿಂಚುವ ಹಸಿ ಗೆರೆ. ಮ್ಯಾನಿಫೋಲ್ಡ್ ಇಳಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಕೊಳವೆಯನ್ನು ಬಿಚ್ಚಲು ಹೋದ ನಮ್ಮ ಹುಡುಗನ ಬೆರಳಲ್ಲೇ ಅದು ಸುಟ್ಟ ಹಪ್ಪಳದಂತೆ ಪುಡಿಯಾಯಿತು.

ಎಂಟು ವರ್ಷ ಹಳೆಯ ಗಾಡಿ ಅದು. ನೂರು ಡಿಗ್ರಿಯಲ್ಲಿ ಬೆಂದು ಬೆಂದು ಪ್ಲಾಸ್ಟಿಕ್ಕಿನ ಜೀವ ಹೋಗಿರುತ್ತದೆ. ಏಳೆಂಟು ವರ್ಷ ಅಥವಾ ಲಕ್ಷ ಕಿಲೋಮೀಟರ್ ಮುಟ್ಟಿದ ಇಂಥ ಎಂಜಿನ್ನಿನಲ್ಲಿ ಯಾವುದೇ ಕಾರಣಕ್ಕೆ ಮ್ಯಾನಿಫೋಲ್ಡ್ ಬಿಚ್ಚಿದರೂ ಒಳಗಿನ ಎಲ್ಲ ಪ್ಲಾಸ್ಟಿಕ್ ಕೊಳವೆ, ಓ-ರಿಂಗ್ ಬದಲಿಸಿಬಿಡಿ ಎನ್ನುವುದು ನನ್ನ ಸಲಹೆ. ಪಾರ್ಟಿಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ದೊಡ್ಡದು. ಅದನ್ನು ಎರಡು ಸಲ ಕೊಡುವುದೇಕೆ? ಕೆಲವು ಎಂಜಿನ್ನುಗಳಿಗೆ ಅಲ್ಯೂಮಿನಿಯಂ ಕೊಳವೆಗಳೂ ಸಿಗುತ್ತವೆ.

ಒತ್ತಡ ಪರೀಕ್ಷೆಯಲ್ಲಿ ಮುಳ್ಳು ಇಳಿದರೂ ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಯುವಿ ಬಣ್ಣ ಹಾಕಿ ಎರಡು ದಿನ ಓಡಿಸಿ, ಕತ್ತಲಲ್ಲಿ ನೇರಳೆ ಬ್ಯಾಟ್ರಿ ಬಿಟ್ಟು ನೋಡಿ. ಅದರಲ್ಲೂ ಸಿಗದಿದ್ದರೆ ನೀರು ಒಳಗೇ ಹೋಗುತ್ತಿದೆ.

ಒಳಗೆ ಹೋಗುವ ನೀರು

ಡೀಸೆಲ್ ಗಾಡಿಯಲ್ಲಿ ಎಲ್ಲರಿಗೂ ಥಟ್ಟನೆ ನೆನಪಾಗುವುದು ಹೆಡ್ ಗ್ಯಾಸ್ಕೆಟ್. ನಾನು ಮೊದಲು ನೋಡುವುದು ಇಜಿಆರ್ ಕೂಲರ್. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳಿಸುವ ಡಬ್ಬಿ ಅದು; ಒಂದು ಕಡೆ ಹೊಗೆ, ಇನ್ನೊಂದು ಕಡೆ ಕೂಲಂಟ್, ನಡುವೆ ತೆಳ್ಳನೆ ತಗಡು. ಅದು ಬಿರಿದರೆ ಕೂಲಂಟ್ ಹೊಗೆಯ ದಾರಿಗೆ ಸೇರುತ್ತದೆ. ಮುಂಜಾನೆ ಸ್ಟಾರ್ಟಿಗೆ ಬಿಳಿ ಹೊಗೆ, ನೀರು ಮೆಲ್ಲಗೆ ಕಡಿಮೆ, ಬೇರೇನೂ ಇಲ್ಲ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಗಾಡಿಗಳಿಗೆ ಬೆಂಕಿ ಹತ್ತಿ ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕಂಪನಿ ವಾಪಸ್ ಕರೆಸಿತು. ಮೂಲ ಇದೇ ಕೂಲರಿನ ಸೋರಿಕೆ. ಒಸರಿದ ಗ್ಲೈಕಾಲ್ ಮಸಿಯ ಜೊತೆ ಕಟ್ಟಿಕೊಂಡು, ಬಿಸಿ ಹೊಗೆ ತಾಗಿದಾಗ ಕೆಂಡವಾಗಿ, ಪ್ಲಾಸ್ಟಿಕ್ ಮ್ಯಾನಿಫೋಲ್ಡನ್ನು ಕರಗಿಸಬಲ್ಲದು. ಕೂಲರನ್ನು ಬಿಚ್ಚಿ ಎರಡೂ ಬಾಯಿ ಕಟ್ಟಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟರೆ ಬಿರಿದ ಕಡೆ ಗುಳ್ಳೆ ಬರುತ್ತದೆ. ಸೈಕಲ್ ಪಂಕ್ಚರ್ ನೋಡಿದಂತೆಯೇ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ನೀರು ಕಾಯುವ ಮೊದಲೇ, ಮೇಲಿನ ಹೋಸು ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀಲಿ ದ್ರವದ ಬ್ಲಾಕ್ ಟೆಸ್ಟರಿನಲ್ಲಿ ಡಬ್ಬಿಯ ಗಾಳಿ ಎಳೆದು ನೋಡಿ. ಸಿಲಿಂಡರಿನ ಹೊಗೆ ಬೆರೆತಿದ್ದರೆ ನೀಲಿ ಹೋಗಿ ಪೆಟ್ರೋಲಿಗೆ ಹಳದಿ, ಡೀಸೆಲಿಗೆ ಹಸಿರು ಆಗುತ್ತದೆ. ಡೀಸೆಲ್ ಎಂಜಿನ್ ಸುಮ್ಮನೆ ನಿಂತು ಓಡುವಾಗ ಅದರ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ, ಆದ್ದರಿಂದ ಸ್ವಲ್ಪ ರೇಸ್ ಕೊಟ್ಟು ಪರೀಕ್ಷಿಸಬೇಕು. ಕೂಲಂಟ್ ಹನಿ ಟೆಸ್ಟರಿಗೆ ಹೋದರೆ ಫಲಿತಾಂಶ ಕೆಟ್ಟಂತೆ, ಮೊದಲೇ ಡಬ್ಬಿಯ ಮಟ್ಟ ಇಳಿಸಿಕೊಳ್ಳಿ. ಹೆಡ್ಡು ಇಳಿಸಿದ ಮೇಲೆ ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಮತ್ತು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಇಡದೆ ಹೊಸ ಗ್ಯಾಸ್ಕೆಟ್ ಕೂರಿಸುವವರ ಕೈಗೆ ಗಾಡಿ ಕೊಡಬೇಡಿ. ಹಲವು ಎಂಜಿನ್ನುಗಳಲ್ಲಿ 0.05 ಮಿಲಿಮೀಟರ್ ಸೊಟ್ಟಗಿದ್ದರೂ ಮಿತಿ ಮುಟ್ಟಿದಂತೆ, ಅದು ಬರಿಗಣ್ಣಿಗೆ ಕಾಣುವುದಿಲ್ಲ.

ಡಬ್ಬಿಯಲ್ಲಿ ಎಣ್ಣೆಯ ಕೆನೆ ತೇಲುತ್ತಿದ್ದರೆ ಆಯಿಲ್ ಕೂಲರ್ ನೋಡಿ. ಗೇರ್‌ಬಾಕ್ಸ್ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿಯನ್ನು ಒಂದು ಅಡಿಯೂ ಓಡಿಸಬೇಡಿ.

ನೀರು ಸರಿಯಿದ್ದೂ ಕಾದರೆ

ನಮ್ಮ ಸೀಮೆಗೇ ಹೇಳಿ ಮಾಡಿಸಿದ ದೋಷ ಒಂದಿದೆ, ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿಲ್ಲ. ಸುಗ್ಗಿಯಲ್ಲಿ ಜೋಳ, ಕಡಲೆ, ಹೆಸರು ಎಲ್ಲ ರಸ್ತೆಯ ಮೇಲೆ ಹಾಸುತ್ತಾರೆ, ಗಾಡಿ ಹಾದು ಒಕ್ಕಣೆ ಆಗಲೆಂದು. ರೈತರನ್ನು ಬೈದು ಪ್ರಯೋಜನವಿಲ್ಲ, ಕಣ ಹಾಕಲು ಆಳು ಎಲ್ಲಿದ್ದಾರೆ ಈಗ? ಆದರೆ ಆ ಹೊಟ್ಟು, ಅರಳಿಯ ಎಳೆ, ಹಾವೇರಿ ಕಡೆಯ ಮೆಣಸಿನಕಾಯಿ ಲಾರಿಗಳ ಹಿಂದೆ ಹಾರುವ ಸಿಪ್ಪೆ, ರಾತ್ರಿ ದೀಪಕ್ಕೆ ಬಡಿಯುವ ಹುಳ, ಎಲ್ಲ ಸೇರಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಇಳಿಯುತ್ತವೆ. ಮುಂದಿನಿಂದ ನೋಡಿದರೆ ಜಾಲರಿ ಸ್ವಚ್ಛ. ಎರಡನ್ನೂ ಬೇರ್ಪಡಿಸಿದರೆ ನಡುವೆ ಅಂಗೈ ಅಗಲದ ಕೌದಿ ಹೊಲಿದಂತೆ ಕೂತಿರುತ್ತದೆ. ಒಂದು ಗಾಡಿಯಿಂದ ಅದನ್ನು ಸುರುಳಿ ಸುತ್ತಿಯೇ ತೆಗೆದೆವು. ಹೊಸ ಫ್ಯಾನ್ ಹಾಕಿಸಿಕೊಂಡು ಬಂದ ಗಾಡಿ ಅದು.

ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಮುಖವಾಗಿ, ಸಣ್ಣ ಒತ್ತಡದಲ್ಲಿ ನೀರು ಬಿಡಿ. ಸರ್ವಿಸ್ ಸ್ಟೇಶನ್ನಿನ ಪ್ರೆಶರ್ ಗನ್ನನ್ನು ಮೂತಿಗೆ ಹಿಡಿದರೆ ತೆಳ್ಳನೆ ರೆಕ್ಕೆಗಳು ಮಡಚಿ ಗಾಳಿಗೆ ಶಾಶ್ವತ ಬಾಗಿಲು ಹಾಕಿದಂತಾಗುತ್ತದೆ.

ಫ್ಯಾನ್ ಪರೀಕ್ಷೆ ಸುಲಭ: ಎಸಿ ಪೂರ್ತಿ ಹಾಕಿ, ಸ್ಕ್ಯಾನರಿನಿಂದ ಫ್ಯಾನಿಗೆ ಆಜ್ಞೆ ಕೊಡಿ. ಒಂದೇ ವೇಗದಲ್ಲಿ ಗೊಣಗಿದರೆ ಅಥವಾ ತಿರುಗದೇ ಇದ್ದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. 600 ವ್ಯಾಟಿನ ಫ್ಯಾನ್ 12 ವೋಲ್ಟಿನಲ್ಲಿ 50 ಆಂಪಿಯರ್ ಎಳೆಯುತ್ತದೆ. ಪಿನ್ನು ಸಡಿಲಾದರೆ ಪ್ಲಾಸ್ಟಿಕ್ ಕಂದಾಗಿ ಕರಗಿರುತ್ತದೆ. ಗಾಡಿ ಬಂದ್ ಮಾಡಿದ ಮೇಲೂ ಫ್ಯಾನ್ ಕೆಲಹೊತ್ತು ಓಡುವುದು ದೋಷವಲ್ಲ.

ಬೆಲ್ಟಿನ ಪಂಪು ಕೆಡುವ ಮುನ್ನ ಕೂಗುತ್ತದೆ, ಒಸರುತ್ತದೆ. ವಿದ್ಯುತ್ ಪಂಪು ಸುಳಿವು ಕೊಡದೆ ಸಾಯುತ್ತದೆ. ಸ್ಕ್ಯಾನರಿನಲ್ಲಿ ಕೇಳಿದ ವೇಗ, ತಿರುಗಿದ ವೇಗ ಎರಡನ್ನೂ ನೋಡಿ; ಅಂತರ ಇದ್ದರೆ ಪಂಪು ಬದಲಿಸಿ. ಥರ್ಮೋಸ್ಟಾಟಿಗೆ ಹಳೆಯ ಉಪಾಯವೇ ಸಾಕು: ಎಂಜಿನ್ 100 ಮುಟ್ಟಿದರೂ ರೇಡಿಯೇಟರಿನ ಒಂದು ಹೋಸು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಅದು ತೆರೆದಿಲ್ಲ. ಥರ್ಮೋಸ್ಟಾಟ್ ಕಿತ್ತುಹಾಕಿ ಓಡಿಸುವ ಹಳೆಯ ಲಾರಿ ವಿದ್ಯೆ ಇಲ್ಲಿ ಬೇಡ, ಕಂಪ್ಯೂಟರ್ ಸಿಟ್ಟಾಗುತ್ತದೆ. ರೇಡಿಯೇಟರ್ ಒಳಗೆ ಕಟ್ಟಿದೆಯೋ ಎಂದು ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರನ್ನು ಅದರ ಮೇಲೆ ಸಾಲಾಗಿ ಹಾಯಿಸಿ. ನಡುವೆ ಎಲ್ಲೋ ತಣ್ಣನೆ ಪಟ್ಟಿ ಸಿಕ್ಕರೆ ಆ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ.

ಬೋರ್‌ವೆಲ್ ನೀರು, ಅರಿಷಿಣ ಪುಡಿ

ರೋಣ, ನರಗುಂದದ ಕಡೆಯ ಸವಳು ನೀರನ್ನು ಕಾಸಿದ ಪಾತ್ರೆಯ ತಳ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಆ ಬಿಳಿ ಪದರವೇ ಎಂಜಿನ್ನಿನೊಳಗೂ ಕೂರುತ್ತದೆ, ಕೂಲಂಟಿನಲ್ಲಿರುವ ತುಕ್ಕುನಿರೋಧಕಗಳ ಜೊತೆ ಸೇರಿ ಗಸಿಯಾಗುತ್ತದೆ. ಗದಗಿನ ಗಾಡಿಯಿಂದ ಇಳಿಸಿದ ಕೂಲಂಟ್ ಮಜ್ಜಿಗೆಯಂತೆ ಕದಡಿತ್ತು; ಮೂರು ಸಲ ತೊಳೆಯಬೇಕಾಯಿತು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಳಸಿ, ಅರ್ಧಕ್ಕರ್ಧ. ಡಬ್ಬದ ಮೇಲೆ "ಬೆರೆಸಿ ಕೊಟ್ಟದ್ದು" ಎಂದಿದ್ದರೆ ನೀರು ಸೇರಿಸಬೇಡಿ. ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಗುಲಾಬಿ, ಹಸಿರು, ನೀಲಿ ಎನ್ನುವುದು ಕಂಪನಿಯ ಇಷ್ಟ. ನೋಡಬೇಕಾದ್ದು ಗಾಡಿಯ ಪುಸ್ತಕದಲ್ಲಿ ಹೇಳಿದ ಮಾನದಂಡದ ಸಂಖ್ಯೆ.

ಲಾರಿ ಡ್ರೈವರುಗಳು ಸೋರುವ ರೇಡಿಯೇಟರಿಗೆ ಅರಿಷಿಣ ಪುಡಿ ಹಾಕಿ ಊರು ಮುಟ್ಟಿಸುತ್ತಿದ್ದರು. ಅಗಲ ಕೊಳವೆಯ ಹಳೇ ಗಾಡಿಗೆ ನಡೆಯುತ್ತಿತ್ತು. ಈಗಿನ ಹೀಟರ್ ಕೋರಿನ ಕೊಳವೆಗಳು ಕಡ್ಡಿ ತೂರದಷ್ಟು ಸಣ್ಣ. ಬಾಟಲಿಯಲ್ಲಿ ಬರುವ "ಲೀಕ್ ಸ್ಟಾಪ್" ಕೂಡ ಇಂಗ್ಲಿಷ್ ಲೇಬಲ್ ಅಂಟಿಸಿದ ಅರಿಷಿಣ ಪುಡಿಯೇ ಎಂದು ನನ್ನ ಅಭಿಪ್ರಾಯ.

ದಾರಿಯಲ್ಲಿ ಕೆಂಪು ದೀಪ ಹತ್ತಿದರೆ

ಹಳದಿ ದೀಪ ನೀರಿನ ಮಟ್ಟದ್ದು, ಕೆಲವೊಮ್ಮೆ ಡಬ್ಬಿಯ ಸೆನ್ಸರಿಗೆ ಗಸಿ ಹಿಡಿದು ಸುಳ್ಳೂ ಹೇಳುತ್ತದೆ; ತಣಿದ ಮೇಲೆ ಕಣ್ಣಿನಿಂದ ನೋಡಿ ನಿರ್ಧರಿಸಬಹುದು. ಕೆಂಪಿನದ್ದು ಹಾಗಲ್ಲ. ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಗಾಳಿ ಪೂರ್ತಿ. ಮೇ ತಿಂಗಳಲ್ಲಿ ಇದು ಶಿಕ್ಷೆಯೇ ಸರಿ, ಆದರೆ ಹೀಟರ್ ಕೋರ್ ಎನ್ನುವುದು ಒಂದು ಪುಟ್ಟ ರೇಡಿಯೇಟರ್. ಬದಿಗೆ ನಿಲ್ಲಿಸುವ ತನಕ ಎಂಜಿನ್ನಿಗೆ ಉಸಿರು ಕೊಡುತ್ತದೆ. ನಿಲ್ಲಿಸಿದ ಮೇಲೆ ಬಂದ್ ಮಾಡಿ. ಪಕ್ಕದ ಹೊಲದ ಕೊಡ ತಂದು ಎಂಜಿನ್ ಮೇಲೆ ಸುರಿಯಬೇಡಿ, ಕಾದ ಅಲ್ಯೂಮಿನಿಯಂ ಬಿರಿಯುತ್ತದೆ. "ಇನ್ನೇನ ಕುಂದಗೋಳ ಕ್ರಾಸ್ ಬಂತಲ್ರಿ" ಎಂದು ಎಳೆದುಕೊಂಡು ಬರಬೇಡಿ. ಕಾದ ಮೇಲೂ ಓಡಿಸಿ ಎಂಜಿನ್ ಹಿಡಿಸಿದರೆ ಸಾಮಾನ್ಯ ವಿಮೆ ಅದನ್ನು ಭರಿಸುವುದಿಲ್ಲ. ಟೋಚನ್ ಬಾಡಿಗೆ ಅದರ ಮುಂದೆ ಲೆಕ್ಕಕ್ಕಿಲ್ಲ.

ಕೆಲಸ ಮುಗಿದ ಮೇಲೆ

ಹೊಸ ಕೂಲಂಟನ್ನು ಮೇಲಿಂದ ಸುರಿದು ಮುಚ್ಚಳ ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಮರುದಿನವೇ ಗಾಡಿ ಮತ್ತೆ ಕಾಯುತ್ತದೆ, ಗಿರಾಕಿ ನಿಮ್ಮನ್ನೇ ಬೈಯುತ್ತಾನೆ. ಕಂಪ್ರೆಸರಿಗೆ ಕೂಡಿಸುವ ವ್ಯಾಕ್ಯೂಮ್ ಫಿಲ್ಲರಿನಿಂದ ಒಳಗಿನ ಗಾಳಿ ಎಳೆದು, ಐದು ನಿಮಿಷ ಮುಳ್ಳು ನಿಲ್ಲುತ್ತದೋ ನೋಡಿ, ಆಮೇಲೆ ಕೂಲಂಟ್ ತಾನೇ ಹೀರಿಕೊಳ್ಳುವಂತೆ ಬಿಡಬೇಕು. ವಿದ್ಯುತ್ ಪಂಪಿನ ಗಾಡಿಗಳಲ್ಲಿ ಸ್ಕ್ಯಾನರಿನಿಂದ ಗಾಳಿ ತೆಗೆಯುವ ಕ್ರಮ ಬೇರೆ ಇರುತ್ತದೆ, ಅದನ್ನೂ ಓಡಿಸಿ.

ಹಳೆಯ ಕೂಲಂಟನ್ನು ಗಟಾರಕ್ಕೆ ಬಿಡಬೇಡಿ. ಸಿಹಿ ಇರುತ್ತದೆಂದು ನಾಯಿಗಳು ನೆಕ್ಕುತ್ತವೆ. ಎಥಿಲೀನ್ ಗ್ಲೈಕಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಅವುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಾವು ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಹಳೆ ಎಣ್ಣೆಗೆ ಬೆರೆಸದೆ ಬೇರೆ ಇಡುತ್ತೇವೆ.

ಗದಗಿನ ಗಾಡಿಯ ಡಬ್ಬಿಗೆ ನೀರಿನ ಮಟ್ಟದಲ್ಲಿ ಬಿಳಿ ಟೇಪಿನ ಗೆರೆ ಅಂಟಿಸಿ ಮೂರು ದಿನ ಇಟ್ಟುಕೊಂಡೆ. ದಿನಕ್ಕೊಮ್ಮೆ ಧಾರವಾಡದ ತನಕ ಓಡಿಸುವುದು, ಮರುದಿನ ಮುಂಜಾನೆ ತಣ್ಣಗಿದ್ದಾಗ ನೋಡುವುದು. ಮೊದಲ ದಿನ ಗೆರೆಗಿಂತ ಒಂದು ಬೆರಳು ಕಡಿಮೆಯಾಗಿತ್ತು; ಉಳಿದಿದ್ದ ಗಾಳಿ ಹೊರಬಿದ್ದದ್ದು, ಅಷ್ಟು ತುಂಬಿದೆ. ಎರಡನೇ ದಿನ, ಮೂರನೇ ದಿನ ನೀರು ಗೆರೆಗೆ ಸರಿಯಾಗಿ ನಿಂತಿತ್ತು. ಕವರುಗಳನ್ನು ಹಾಕಿ ಕೀ ಕೊಡುವಾಗ ಡ್ರೈವರ್ ತಮ್ಮನನ್ನು ಕರೆದು ಟೇಪು ತೋರಿಸಿದೆ.

"ಇದರಕಿಂತ ಕೆಳಗ ಇಳೀತಂದ್ರ ನೀರು ಹಾಕಬ್ಯಾಡ. ಫೋನ್ ಹಚ್ಚು."

"ಸಾಹೇಬ್ರಿಗೋ ನಿಮಗೋ ಕಾಕಾ?"

"ಇಬ್ರಿಗೂ."